ನಂಬರಿಲ್ಲದ ಕೈ

ತಕಾವೊಕಾ
೨೬ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಮಿಯೊಕೊ,

ಮೈ ಹುಷಾರಾಗಿದೆಯೇ? ಫುಕುಯಿ ಕಡೆಯೂ ಹಿಮ ಮಂಡಿಯವರೆಗೆ ಬಿದ್ದಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಇದು ಊರೆಲ್ಲ ತೆರಿಗೆ ಲೆಕ್ಕ ಒಪ್ಪಿಸುವ ಕಾಲ. ನಿನ್ನ ಕೌಂಟರಿನ ಮುಂದೆ ನನ್ನಂಥ ಮುದುಕರು ಪ್ಲಾಸ್ಟಿಕ್ ಚೀಲದ ತುಂಬ ಚೀಟಿ ಹಿಡಿದು ಸಾಲಾಗಿ ನಿಂತಿರುತ್ತಾರೆ. ಅವರನ್ನು ಗದರಬೇಡ. ಮಧ್ಯಾಹ್ನದ ಅನ್ನದ ಉಂಡೆಯನ್ನು ನಿಂತೇ ನುಂಗಬೇಡ, ಅಮ್ಮನ ಹೊಟ್ಟೆನೋವು ನಿನಗೂ ಇದೆ. ನನ್ನ ಕೆಮ್ಮು ಹಾಗೆಯೇ ಇದೆ, ಹೆಚ್ಚಾಗಿಲ್ಲ. ಬೆರಳುಗಳ ಹಸಿರು ಬಣ್ಣ ಮಾತ್ರ ಹೋಗುತ್ತಿದೆ. ಕೆಲಸವಿಲ್ಲದ ಕಂಚಿನ ಬಣ್ಣಗಾರನ ಬೆರಳು ಎಷ್ಟು ಬೇಗ ಬಿಳಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಮ್ಮನ ತಿಥಿ ಭಾನುವಾರ ಮುಗಿಯಿತು. ಬರಲಾಗಲಿಲ್ಲವೆಂದು ನೀನು ಫೋನಿನಲ್ಲಿ ಮೂರು ಸಲ ಕ್ಷಮೆ ಕೇಳಿದೆ. ತೆರಿಗೆ ಕಚೇರಿಯವಳ ತಾಯಿ ಫೆಬ್ರವರಿಯಲ್ಲಿ ಸಾಯಬಾರದಿತ್ತು, ಸತ್ತಳು, ಅದಕ್ಕೆ ಯಾರೇನು ಮಾಡಲಾದೀತು. ಪುರೋಹಿತರು ಬೇಗ ಮುಗಿಸಿದರು. ಪೂಜೆಯ ಗಂಟೆಯನ್ನು ನಿನ್ನ ತೊಕು ಮಾವನ ಕೈಯಿಂದಲೇ ಹೊಡೆಸಿದೆ. ಆ ಬಟ್ಟಲುಗಂಟೆಯನ್ನು ಉಜ್ಜಿದವನು ಅವನೇ, ಬಣ್ಣ ಹಿಡಿಸಿದವನು ನಾನು, ಆ ಬಣ್ಣ ಸಮನಾಗಿ ಕೂರಲು ಕಂಚಿಗೆ ಸವರುವ ಮೂಲಂಗಿ ತುರಿದವಳು ನಿನ್ನ ಅಮ್ಮ. ಅದರ ನಾದ ನಿಲ್ಲುವವರೆಗೂ ತೊಕು ತನ್ನ ಎರಡು ಅಂಗೈಗಳನ್ನೇ ನೋಡುತ್ತ ಕೂತಿದ್ದ. ಯಾಕೆಂದು ಮುಂದೆ ಬರೆಯುತ್ತೇನೆ.

ನನ್ನ ಪತ್ರಿಕೆ ತುಣುಕುಗಳ ಡಬ್ಬಿ ನಿನಗೆ ಗೊತ್ತು. ತಿಥಿಯ ಮರುದಿನ ಅದನ್ನು ತೆಗೆದು ಕೂತೆ. ೧೯೮೯ರ ಏಪ್ರಿಲ್ ಒಂದರ ತುಣುಕು ಎಲ್ಲಕ್ಕಿಂತ ಕೆಳಗಿದೆ. ಅವತ್ತು ಕೊಳ್ಳುವ ಪ್ರತಿಯೊಂದಕ್ಕೂ ನೂರಕ್ಕೆ ಮೂರು ಎಂದರು, ವಯಸ್ಸಾದವರ ಆರೈಕೆಗೆ ಎಂದರು. ಆಮೇಲೆ ಐದಾಯಿತು, ಎಂಟಾಯಿತು, ಹತ್ತಾಯಿತು. ಪ್ರತಿ ಸಲವೂ ಆರೈಕೆಯ ಮಾತೇ. ಈಗ ವಯಸ್ಸಾದವನು ನಾನೇ, ಆರೈಕೆ ಯಾವ ರೈಲಿಗೆ ಬರುತ್ತದೋ ಎಂದು ಕಾಯುತ್ತಿದ್ದೇನೆ. ಹತ್ತು ಬಂದಾಗ ಎರಡು ದರಗಳಾದವು. ಬೀನ್ಸ್ ಹೂರಣದ ಬನ್ನನ್ನು ಅಂಗಡಿಯಲ್ಲಿ ಕೂತು ತಿಂದರೆ ಹತ್ತು, ಕಟ್ಟಿಸಿಕೊಂಡು ಹೋದರೆ ಎಂಟು. ಮನೆಗೆ ಬರುವ ಪತ್ರಿಕೆಗೆ ಎಂಟು, ಅದನ್ನು ಓದಲು ಉರಿಸುವ ದೀಪಕ್ಕೆ ಹತ್ತು. ಕಳೆದ ಬೇಸಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ತೆರಿಗೆ ಬಿಟ್ಟುಕೊಟ್ಟರಲ್ಲ, ಅದರ ವಿವರಣೆಯ ಪುಸ್ತಿಕೆ ಅಮ್ಮನ ಅಡುಗೆ ಪುಸ್ತಕಕ್ಕಿಂತ ದಪ್ಪಗಿತ್ತು. ಅದನ್ನು ಪೂರ್ತಿ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಆ ವರ್ಷವೇ ಮುಗಿದು ಹೋಯಿತು.

ಅಕ್ಕಿ ಅಂಗಡಿಯ ಸೊಸೆಯ ಕಥೆಯನ್ನು ನಿನಗೆ ಹೇಳಿರಲಿಲ್ಲ. ತೌಡು ತರಲು ಹೋಗಿದ್ದೆ, ಮೂಲಂಗಿ ಹೂಳಿ ಉಪ್ಪಿನಕಾಯಿ ಹಾಕಲೂ ಬೇಕು, ಕಂಚಿಗೆ ಮೆತ್ತಿ ಸುಡಲೂ ಬೇಕು. ಅವಳು ಚೀಲ ಕಟ್ಟುತ್ತ, "ಅಜ್ಜಾ, ಇದು ಉಪ್ಪಿನಕಾಯಿಗೋ ಕಂಚಿಗೋ?" ಎಂದಳು. ತಿನ್ನುವ ತೌಡಿಗೆ ಎಂಟು, ಕೆಲಸದ ತೌಡಿಗೆ ಹತ್ತು. ಅರ್ಧ ನನ್ನ ಹೊಟ್ಟೆಗೆ, ಅರ್ಧ ಹೂದಾನಿಗೆ ಎಂದೆ. "ಹಂಗಂದ್ರೆ ನಾನು ಎರಡು ಚೀಟಿ ಹರೀಬೇಕು. ಯಾವ್ದಾದ್ರೂ ಒಂದು ಹೇಳಿ, ಪುಣ್ಯ ಬರುತ್ತೆ" ಎಂದಳು. ಸುಳ್ಳು ಹೇಳಲು ಮನಸ್ಸಾಗದೆ ಎರಡು ಚೀಟಿ ಹರಿಸಿದೆ, ಎರಡು ಚೀಲ ಹೊತ್ತುಕೊಂಡು ಬಂದೆ. ಆ ದಿನ ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಹೆಮ್ಮೆಯಿತ್ತು. ಅದಕ್ಕೇ ಇಲ್ಲಿ ಬರೆದೆ.

ಈಗ ನಂಬರಿನ ವಿಷಯ. ನೀನು ಅದರೊಳಗೇ ಇರುವವಳು, ನಿನಗೆ ವಿವರಿಸುವುದು ನಗೆಪಾಟಲು. ಆದರೆ ಕೌಂಟರಿನ ಆ ಬದಿಯಿಂದ ಕಾಣದ್ದು ಈ ಬದಿಯಿಂದ ಕಾಣುತ್ತದೆ. ನಮ್ಮ ಊರಿನಲ್ಲಿ ಒಂದು ಹೂದಾನಿ ನಾಲ್ಕು ಮನೆ ಸುತ್ತುತ್ತದೆ. ಒಬ್ಬ ಎರಕ ಹೊಯ್ಯುತ್ತಾನೆ, ಒಬ್ಬ ಉಜ್ಜುತ್ತಾನೆ, ಒಬ್ಬ ಬಣ್ಣ ಹಿಡಿಸುತ್ತಾನೆ, ಕೊನೆಗೆ ಸಗಟು ವ್ಯಾಪಾರಿ ಹೊರಿಕಾವಾ ಅವರ ಮನೆ ಸೇರುತ್ತದೆ. ನಾವೆಲ್ಲ ಒಬ್ಬೊಬ್ಬರೇ ಕೂತು ಕೆಲಸ ಮಾಡುವವರು, ನಮ್ಮ ಗಳಿಕೆ ಸಣ್ಣದು, ಅದಕ್ಕೆ ಮೂವತ್ತು ವರ್ಷದಿಂದ ಈ ಮಾರಾಟ ತೆರಿಗೆಯ ಲೆಕ್ಕದಿಂದ ನಮ್ಮನ್ನು ಬಿಟ್ಟಿದ್ದರು. ಒಂದೂವರೆ ವರ್ಷದ ಹಿಂದೆ ಹೊಸ ನಿಯಮ ಬಂತು. ತೆರಿಗೆ ಕಚೇರಿ ಕೊಡುವ ಹದಿಮೂರು ಅಂಕಿಯ ನಂಬರು ಇಲ್ಲದವನಿಂದ ಕೆಲಸ ಮಾಡಿಸಿಕೊಂಡರೆ ಅವನ ಪಾಲಿನ ತೆರಿಗೆ ಮಾಡಿಸಿಕೊಂಡವನ ತಲೆಗೆ ಬರುತ್ತದೆ, ಮೊದಮೊದಲು ಸ್ವಲ್ಪ, ವರ್ಷ ಕಳೆದಂತೆ ಹೆಚ್ಚು. ನಂಬರು ತೆಗೆದುಕೊಂಡರೆ ನಾವೇ ಕಟ್ಟಬೇಕು. ತೆಗೆದುಕೊಳ್ಳಿ ಎಂದು ಯಾರೂ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದೂ ಕಾನೂನೇ ಹೇಳುತ್ತದೆ. ಮೊದಲೇ ಬಾಯಿಬಿಟ್ಟು ಏನನ್ನೂ ಕೇಳದ ಊರು ನಮ್ಮದು. ಅದಕ್ಕೆ ಕಾನೂನಿನ ಬೀಗವೂ ಬಿತ್ತು.

ಆ ನಿಯಮದ ಬಗ್ಗೆ ನೀನು ಕಳಿಸಿದ ಪುಸ್ತಿಕೆಯನ್ನು, ಅದು ಜಾರಿಯಾಗುವ ಮುಂಚಿನ ಸೆಪ್ಟೆಂಬರಿನಲ್ಲಿ, ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿ ಓದಿದೆ. ಬೀದಿಯ ಸಭಾಭವನದಲ್ಲಿ ಹದಿನಾಲ್ಕು ಜನರನ್ನು ಕೂರಿಸಿ ಭಾಷಣ ಮಾಡಿದೆ. ಇದು ಸಣ್ಣವರನ್ನು ಸೋಸಿ ತೆಗೆಯುವ ಜರಡಿ, ನಾವು ಯಾರೂ ಅರ್ಜಿ ಹಾಕಬಾರದು ಎಂದೆ. ಚಪ್ಪಾಳೆ ಬಿತ್ತು. ತೊಕು ಹಿಂದಿನ ಸಾಲಿನಿಂದ ಎದ್ದು, "ಇಸಾವೊ, ನೀನು ಓದಿದೋನು. ಸುತ್ತಿ ಬಳಸಿ ಹೇಳ್ಬೇಡ. ನಂಗೆ ಬೇಕಾ, ಬೇಡ್ವಾ?" ಎಂದ. ಎಂಬತ್ತರ ಹತ್ತಿರ ಬಂದವನನ್ನು ಯಾರಪ್ಪ ಕೇಳುತ್ತಾರೆ, ಬೇಡ ಎಂದೆ. "ಸದ್ಯ ಬದುಕ್ದೆ. ಹೆಂಡ್ತಿ ಹುಟ್ಟಿದ್ ದಿನಾನೇ ನೆನಪಿಟ್ಕೊಳ್ದೆ ನಲವತ್ತು ವರ್ಷ ಬೈಸ್ಕೊಂಡಿದ್ದೀನಿ, ಇನ್ನು ಹದಿಮೂರು ಅಂಕಿ ಎಲ್ಲಿಡ್ಲಿ" ಎಂದು ಕೂತುಬಿಟ್ಟ. ಎಲ್ಲರೂ ನಕ್ಕರು.

ಅದೇ ಡಿಸೆಂಬರಿನಲ್ಲಿ ಹೊರಿಕಾವಾ ಅವರು ಹೂರಣದ ಬನ್ನಿನ ಡಬ್ಬಿ ಹಿಡಿದು ಮನೆಗೆ ಬಂದರು. ಒಂದು ಗಂಟೆ ಕೂತರು. ಹಿಮದ ಟೈರಿನ ಬೆಲೆ, ತಮ್ಮ ಮಂಡಿಯ ಆಪರೇಷನ್, ಈ ಸಲದ ಏಡಿಯ ರುಚಿ, ಎಲ್ಲ ಮಾತಾಡಿದರು. ಹೊರಡುವಾಗ ಬೂಟು ಹಾಕಿಕೊಳ್ಳುತ್ತ, "ಕಾಲ ಕಷ್ಟದ್ದು ಆಗ್ತಾ ಇದೆ ತೆರಶಿಮಾ ಅವರೇ" ಎಂದಷ್ಟೇ ಅಂದು ಬಗ್ಗಿ ನಮಸ್ಕರಿಸಿದರು. ಸಾಮಾನ್ಯಕ್ಕಿಂತ ಒಂದು ಉಸಿರು ಹೆಚ್ಚು ಹೊತ್ತು ಬಗ್ಗಿದರು. ನನಗೆ ಅರ್ಥವಾಯಿತು. ಅವರ ಬಾಯಲ್ಲಿ ಕೇಳಿಸುವುದಕ್ಕಿಂತ ನಾನೇ ಮಾಡಿಬಿಡುವುದು ಮರ್ಯಾದೆ ಎಂದುಕೊಂಡು ಜನವರಿಯಲ್ಲಿ ನಂಬರಿಗೆ ಅರ್ಜಿ ಹಾಕಿದೆ. ಸಭಾಭವನದಲ್ಲಿ ಗುಡುಗಿದವನು ಅಂಚೆಪೆಟ್ಟಿಗೆಗೆ ಹಾಕುವಾಗ ಆಚೀಚೆ ನೋಡಿದೆ. ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಒಳಗೆ ಹೋಗಲು ಒಂದು ಹಾಳೆ ಸಾಕು, ಹೊರಬರಲು ಎರಡು ವರ್ಷ ಕಾಯಬೇಕೆಂಬುದು ಪುಸ್ತಿಕೆಯ ಕೊನೆಯ ಪುಟದಲ್ಲಿತ್ತು. ಅಲ್ಲಿಯವರೆಗೆ ನನ್ನ ಕೆಂಪು ಪೆನ್ಸಿಲು ಹೋಗಿರಲಿಲ್ಲ.

ಆ ವಸಂತದಿಂದ ತೊಕುವಿನ ಮನೆಗೆ ದೊಡ್ಡ ಹೂದಾನಿ ಬರುವುದು ನಿಂತಿತು. ಮಳೆಗಾಲಕ್ಕೆ ಧೂಪದಾನಿಗಳೂ ನಿಂತವು. ಶರತ್ಕಾಲಕ್ಕೆ ಬಟ್ಟಲುಗಂಟೆ ಮಾತ್ರ, ಆಮೇಲೆ ಅದೂ ಇಲ್ಲ. ಹೊರಿಕಾವಾ ಏನೂ ಹೇಳಲಿಲ್ಲ, ತೊಕು ಏನೂ ಕೇಳಲಿಲ್ಲ. ತನ್ನ ಕೈಯ ಹದ ಕೆಟ್ಟಿತು, ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ, ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡ. ಕಳೆದ ಡಿಸೆಂಬರ್ ಕೊನೆಯಲ್ಲಿ ಉಜ್ಜುವ ತಿರುಗುಚಕ್ರವನ್ನು ತೊಳೆದು, ಅದರ ಮುಂದೆ ಹೆಂಡತಿಯೊಂದಿಗೆ ಕೂತು ನಮಸ್ಕರಿಸಿ, ಬಾಗಿಲು ಹಾಕಿದ. ಕಳೆದ ವಾರ ಗುಜರಿಯವನು ಬಂದು ಚಕ್ರ ಒಯ್ದ. ಗುಜರಿಗೆ ಕೊಳ್ಳುವಾಗ ಕೊಡುವವನಿಗೆ ನಂಬರು ಬೇಕಿಲ್ಲವಂತೆ, ನಿಯಮದಲ್ಲೇ ಹಾಗಿದೆ, ಪುಟ ತೆಗೆದು ನೋಡಿದೆ. ಅರವತ್ತು ವರ್ಷ ಆ ಚಕ್ರದ ಮುಂದೆ ಕೂತ ಕೈಗೆ ನಂಬರು ಬೇಕು, ಚಕ್ರ ಕಬ್ಬಿಣದ ತುಂಡಾದ ಮೇಲೆ ಬೇಡ.

ನಿಜ ನನಗೆ ಗೊತ್ತಾದದ್ದು ಈ ಜನವರಿಯಲ್ಲಿ. ಹೊರಿಕಾವಾ ಅವರ ಮಗ ಈಗ ಲೆಕ್ಕ ನೋಡಿಕೊಳ್ಳುತ್ತಾನೆ. ಫೋನಿನಲ್ಲಿ ಒಳ್ಳೆಯ ಸುದ್ದಿ ಹೇಳುವವನ ಹಾಗೆ, "ನಿಮ್ದು ನಂಬರ್ ಇದೆಯಲ್ಲ, ನಿಮಗೇನೂ ಯೋಚ್ನೆ ಇಲ್ಲ. ಇಲ್ಲದೋರ ಕೆಲ್ಸಾನ ನಿಧಾನಕ್ಕೆ ಕಮ್ಮಿ ಮಾಡ್ತಾ ಬಂದ್ವಿ. ಯಾರಿಗೂ ಮುಜುಗರ ಆಗ್ಬಾರ್ದು ಅಂತ ಅಪ್ಪ ಹೇಳಿದ್ರು" ಎಂದ. ಈಗ ನನಗೆ ಬರುವ ಪಾತ್ರೆಗಳನ್ನು ಎಲ್ಲೋ ದೂರದಲ್ಲಿ ಯಂತ್ರ ಉಜ್ಜುತ್ತದೆ. ಮೈಯೆಲ್ಲ ಕನ್ನಡಿ, ತೌಡಿನ ಹಿಟ್ಟು ಮೆತ್ತಿ ಸುಟ್ಟರೆ ಹಿಡಿಯುವುದೇ ಇಲ್ಲ, ಚಿಬ್ಬಿನ ಹಾಗೆ ಕಲೆಕಲೆ. ಬಣ್ಣ ಕೂರಬೇಕಾದರೆ ತೊಕು ಬಿಡುತ್ತಿದ್ದ ಆ ಕೂದಲೆಳೆಯ ಗೀರುಗಳು ಬೇಕು. ಈ ತಿಂಗಳು ಮೂರು ಹೂದಾನಿ ವಾಪಸ್ ಬಂದವು. ನಂಬರು ಇದೆ, ಕೆಲಸ ಇಲ್ಲ. ಆದರೂ ಮಾರ್ಚ್ ಮುಗಿಯುವುದರೊಳಗೆ ಆ ತೆರಿಗೆಯ ಅರ್ಜಿ ತುಂಬಬೇಕು. ತುಂಬುತ್ತೇನೆ. ನಿನ್ನ ಅಪ್ಪ ಕೊನೆಯ ದಿನ ತಪ್ಪಿಸಿದನೆಂದು ನಿನ್ನ ಕಚೇರಿಯಲ್ಲಿ ಯಾರೂ ಆಡಿಕೊಳ್ಳಬಾರದು.

ಇಷ್ಟು ಬರೆದದ್ದಕ್ಕೆ ನಿನ್ನಿಂದ ಉತ್ತರ ನಿರೀಕ್ಷಿಸುವುದಿಲ್ಲ. "ಅಪ್ಪಾ, ಅದನ್ನ ನಾನು ಹೇಳೋ ಹಾಗಿಲ್ಲ" ಎಂಬ ನಿನ್ನ ಮಾತು ನನ್ನ ಕಿವಿಯಲ್ಲಿದೆ. ಹೇಳಬೇಡ. ಗಂಟಲಿಗೆ ಬೆಚ್ಚಗೆ ಸುತ್ತಿಕೊ. ಮೂಲಂಗಿ ಉಪ್ಪಿನಕಾಯಿ ಕಳಿಸಿದ್ದೇನೆ, ಅದು ಎಂಟರ ತೌಡಿನದೇ. ನಿನಗೆ ಒಳ್ಳೆಯದಾಗಲಿ, ಅಮ್ಮ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ತೆರಶಿಮಾ ಇಸಾವೊ

ಮರೆತ ಮಾತು: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ತಿಥಿಯ ದಿನ ಎಲ್ಲರೂ ಹೋದ ಮೇಲೆ ತೊಕು ಉಳಿದುಕೊಂಡ. ಗಂಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇಸಾವೊ, ನನ್ನ ಕೆಲ್ಸ ಕೊನೆಗೆ ಬರ್ತಿದ್ದದ್ದು ನಿನ್ನ ಕೈಗೆ. ನಿಂಗೆ ಗೊತ್ತಿರುತ್ತೆ. ನನ್ನ ಕೈ ಕೆಟ್ಟಿತ್ತಾ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕೆಟ್ಟಿರಲಿಲ್ಲ ಎಂದರೆ ಮತ್ತೇಕೆ ಎಂದು ಕೇಳುತ್ತಾನೆ. ನಂಬರು ಬೇಡವೆಂದವನು ನಾನು, ತೆಗೆದುಕೊಂಡವನೂ ನಾನು. ಸ್ವಲ್ಪ ಕೆಟ್ಟಿತ್ತು ಎಂದೆ. ಅವನು ಎರಡೂ ಕೈಗಳನ್ನು ಚಾಪೆಗೆ ಊರಿ, ಹಣೆ ತಾಗುವಷ್ಟು ಬಗ್ಗಿ, "ನೀನೊಬ್ಬನಾದ್ರೂ ನಿಜ ಹೇಳ್ದೆಯಲ್ಲ" ಎಂದ.