ಅನ್ನವ್ವನ ಕಡೇ ಹಲ್ಲು

ಗುಡಗೇರಿ
ತಾ. ೧೧-೩-೧೯೮೪

ಚಿರಂಜೀವಿ ಶಂಕ್ರಪ್ಪನಿಗೆ ನಿನ್ನ ಅಪ್ಪನ ಆಶೀರ್ವಾದ.

ಆರೋಗ್ಯ ಹೇಗಿದೆ? ನಿಮ್ಮ ಸೈನ್ಯದ ಪಲ್ಟಣದಲ್ಲಿ ಚಳಿ ಇಳಿಯಿತೆ? ಕೆಮ್ಮು ಎಂದು ಬರೆದವನು ಮುಂದಿನ ಸುದ್ದಿ ಬರೆಯಲೇ ಇಲ್ಲ; ನಿಮ್ಮವ್ವ ದಿನಾ ಕೇಳಿ ನನ್ನ ತಲೆ ತಿನ್ನುತ್ತಾಳೆ. ಕಡಲೆ ರಾಶಿ ಮುಗಿಯಿತು. ನನ್ನ ಮೊಣಕಾಲು ನೋವು ಹಾಗೇ ಇದೆ. ಈ ವರ್ಷ ಬಹಳ ದಣಿದಿದ್ದೇನೆ ಶಂಕ್ರಪ್ಪ, ಮೈಗಿಂತ ಮನಸ್ಸು ಹೆಚ್ಚು.

ನಿನ್ನ ಮಗಳು ಅನ್ನವ್ವನಿಗೆ ಅಣ್ಣಿಗೇರಿಯ ಹೊಳೆಪ್ಪನವರ ಮಗನನ್ನು ಗೊತ್ತು ಮಾಡಿದ್ದು ತಿಳಿಸಿದ್ದೆನಲ್ಲ. ಒಂದು ಮಾತು ಬರೆದಿರಲಿಲ್ಲ. ಹುಡುಗ ಸರಕಾರಿ ನೌಕರ. ಹದಿನೆಂಟು ತುಂಬದ ಹುಡುಗಿಯಾದರೆ ನೌಕರಿಗೆ ಕುತ್ತು ಎಂದು ಹೊಳೆಪ್ಪನವರು ವಯಸ್ಸು ಕೇಳಿದರು. ಅನ್ನವ್ವ ಮುಂಗಾರಿನಲ್ಲಿ ಹುಟ್ಟಿದವಳು. ಯಾವ ವರ್ಷದ ಮುಂಗಾರು ಎಂದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಶಾಲೆಯ ತಾರೀಖು ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ಅವಳ ತಾಯಿ ಬದುಕಿದ್ದರೆ ಹೇಳುತ್ತಿದ್ದಳು. ನೀನಂತೂ ಮೊದಲ ಸಲ ನೋಡಿದಾಗಲೇ ಮಗು ನಡೆಯುತ್ತಿತ್ತು.

ಈ ಊರಿನ ಅರ್ಧ ಎತ್ತುಗಳನ್ನು ಹಲ್ಲು ನೋಡಿ ಕೊಡಿಸಿದವನು ನಾನು. ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿ ಕೂಡಿತು, ಪ್ರಾಯ ತುಂಬಿತು ಎಂದು ಲೆಕ್ಕ. ಅದೇ ಸೊಕ್ಕಿನಲ್ಲಿ, ಹುಡುಗಿ ನೋಡಲು ಬಂದವರ ಮುಂದೆಯೇ ಅನ್ನವ್ವನ ಗದ್ದ ಹಿಡಿದು ಎಣಿಸಿದೆ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. "ಬಾಯಿ ಕೂಡೈತ್ರಿ, ಹದಿನೆಂಟಕ್ಕ ಕಡಿಮಿ ಇಲ್ಲ" ಎಂದೆ. ಸಕ್ಕರೆ ಹಂಚಿದೆವು. ಆಮೇಲೆ ಅವಳು "ಅಜ್ಜಾ, ನಾ ಏನ ಹೋರಿ ಏನು?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಹೋದ ವಾರ ಅವಳ ದವಡೆ ಬಾತಿತು. ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರರು ಫೋಟೋ ತೆಗೆದು ಬೆಳಕಿಗೆ ಹಿಡಿದರು. ಒಸಡಿನೊಳಗೆ ಇನ್ನೂ ನಾಲ್ಕು ಹಲ್ಲು ಅಡಗಿ ಕೂತಿವೆ, ಬೇರು ಪೂರಾ ಆಗಿಲ್ಲ. "ಇಪ್ಪತ್ತೆಂಟ ಹಲ್ಲು ಹದಿಮೂರಕ್ಕ ಬಂದಿರತಾವ್ರಿ ಯಜಮಾನ್ರ. ಕಡೀವು ನಾಲ್ಕು ಹದಿನೆಂಟು, ಇಪ್ಪತ್ತಕ್ಕ ಬರತಾವು. ಈ ಹುಡಿಗಿಗೆ ಹದಿನಾರರ ಮ್ಯಾಲ ಇರಾಂಗಿಲ್ಲ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ಹೇಳಿದರೆ ನಿಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಕಡೀ ಹಲ್ಲು ಬಂದಾಗ ಶಂಕ್ರ್ಯಾ ತೊಟ್ಟಿಲದಾಗ ಇದ್ದ. ಬಾಯಿ ತಗ್ಯಾಕ ಬರತಿದ್ದಿಲ್ಲ, ಅವಗ ಹಾಲ ಕುಡಸ್ಕೋತ ಅತ್ತೀನಿ. ನೀವು ಎತ್ತು ನೋಡಾಕ ಹೋಗಿದ್ರಿ" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ನೋವಿನ ಸುದ್ದಿ ನನಗೆ ಗೊತ್ತಾದದ್ದು ಮೊನ್ನೆ. ಆ ದಿನ ಊಟ ಸೇರಲಿಲ್ಲ. ಆದರೂ ಕೊಟ್ಟ ಮಾತಿನಿಂದ ಹಿಂದೆ ಸರಿದವನಲ್ಲ ನಾನು, ನಿನಗೆ ಗೊತ್ತು.

ನಿಮ್ಮವ್ವನ ಆಶೀರ್ವಾದವೂ ಇದರಲ್ಲೇ ಇದೆ. ಕೆಮ್ಮಿಗೆ ಔಷಧ ತಗೋ.

ಇಂತಿ ನಿನ್ನ ತಂದೆ,
ಈರಬಸಪ್ಪ

ತಾ.ಕ.: ಪತ್ರ ಎರಡು ದಿನ ಅಂಗಿಯ ಕಿಸೆಯಲ್ಲೇ ಉಳಿಯಿತು. ನಿನ್ನೆ ಅಣ್ಣಿಗೇರಿಗೆ ಹೋಗಿ ಮಾತು ಹಿಂದಕ್ಕೆ ತಗೊಂಡು ಬಂದೆ. ಮದುವೆಗೆಂದು ರಜೆ ಹಾಕಬೇಡ. ಹೊಳೆಪ್ಪನವರು ಒಳ್ಳೆಯವರು, "ಎರಡು ವರ್ಷ ತಡೀತೀವ್ರಿ" ಎಂದರು. ಅನ್ನವ್ವನನ್ನು ಕೇಳಿ ಹೇಳುತ್ತೇನೆ ಎಂದೆ. ಇನ್ನೂ ಕೇಳಿಲ್ಲ. ಹೇಗೆ ಕೇಳುವುದೋ ತಿಳಿಯುತ್ತಿಲ್ಲ. ನಮ್ಮ ಮನೆಯಲ್ಲಿ ಈವರೆಗೆ ಯಾರೂ ಹುಡುಗಿಯನ್ನು ಕೇಳಿದ್ದಿಲ್ಲ.