ತಗಡಿನ ಶೆಡ್ಡಿನ ಫೋಟೋ

ಪ್ರೀತಿಯ ಸೊಸೆಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾರಾ ಎಂದು ನಗಬೇಡ. ಎದುರಿಗೆ ಹೇಳಲು ಈ ಮಾವನಿಗೆ ನಾಲಿಗೆ ಏಳುವುದಿಲ್ಲ.

ನಮ್ಮ ಸ್ಪ್ರಿಂಗ್ ಕಾರ್ಖಾನೆಗೆ ನೀನು ವೆಬ್‌ಸೈಟ್ ಮಾಡುವಾಗ, ಯಾವುದಾದರೂ ಗಾಜಿನ ಕಟ್ಟಡದ ಚಿತ್ರ ಹಾಕು ಎಂದು ಹಟ ಹಿಡಿದವನು ನಾನು. ನೀನು ನಮ್ಮ ತಗಡಿನ ಶೆಡ್ಡನ್ನೂ ಸ್ಪ್ರಿಂಗ್ ಸುತ್ತುತ್ತಿರುವ ಹಳೇ ಮೇಸ್ತ್ರಿಯನ್ನೂ ಹಾಕಿದೆ. ಕೆಳಗೆ ತಂತಿಯ ದಪ್ಪ, ಅಳತೆ, ಎಷ್ಟು ದಿನಕ್ಕೆ ಸಿಗುತ್ತದೆ ಎಂಬ ಪಟ್ಟಿ. "ನಮ್ಮ ಮಾನ ಹರಾಜು ಹಾಕ್ತೀಯಾ?" ಎಂದು ನಾನು ಎಲ್ಲರೆದುರು ಕೂಗಾಡಿದೆ. "ಕೊಳ್ಳೋರಿಗೆ ಬೇಕಾಗಿರೋದು ಇದೇ ಮಾವ" ಎಂದಷ್ಟೇ ಹೇಳಿ ನೀನು ಅದನ್ನೇ ಉಳಿಸಿದೆ.

ನಿನ್ನೆ ಒಬ್ಬ ಹೆಂಗಸು ಬಂದಿದ್ದರು. ನಡೆಯಲಾಗದ ಮಕ್ಕಳ ಕಾಲಿಗೆ ಕಟ್ಟುವ ಆಸರೆಗಳನ್ನು ತಯಾರಿಸುವವರು. ಅದಕ್ಕೆ ಬೇಕಾದ ಪುಟ್ಟ ಸ್ಪ್ರಿಂಗನ್ನು ಯಾರೂ ಮಾಡಿಕೊಡುತ್ತಿರಲಿಲ್ಲವಂತೆ. "ನಿಮ್ಮ ಪಟ್ಟಿಯಲ್ಲಿ ಆ ಅಳತೆ ಇತ್ತು. ಫೋಟೋದಲ್ಲಿ ಸ್ಪ್ರಿಂಗ್ ಸುತ್ತುತ್ತಿರೋ ಯಜಮಾನ್ರು ಇದಾರಾ?" ಎಂದರು. ಕೆಲಸವಿಲ್ಲವೆಂದು ನಾನು ತಿಂಗಳ ಕೊನೆಗೆ ಕಳಿಸಿಬಿಡೋಣ ಎಂದುಕೊಂಡಿದ್ದ ಅದೇ ಮೇಸ್ತ್ರಿ ಸಂಜೆಯೊಳಗೆ ಮಾದರಿ ಸುತ್ತಿಕೊಟ್ಟ. ವರ್ಷವಿಡೀ ಸಾಕಾಗುವಷ್ಟು ಕೆಲಸ ಸಿಕ್ಕಿದೆ. "ಇನ್ನೂ ಸ್ವಲ್ಪ ದಿನ ನನ್ನ ಕಾಟ ತಪ್ಪಿದ್ದಲ್ಲ ನಿಮಗೆ" ಎಂದು ಮೇಸ್ತ್ರಿ ನಕ್ಕ. ಅವನು ಕಣ್ಣು ಒರೆಸಿಕೊಂಡಿದ್ದನ್ನು ನೋಡಿಯೂ ನೋಡದವನಂತೆ ನಿಂತೆ.

ಈಗ ಎರಡು ಕೆಲಸ ಆಗಬೇಕು. ಫೋನ್ ನಂಬರನ್ನು ಮೇಲೇ ದೊಡ್ಡದಾಗಿ ಹಾಕು. ಹುಡುಕಬೇಕಾಯಿತು ಎಂದು ಆಕೆ ಹೇಳಿದರು. ಇನ್ನೊಂದು, 'ನಮ್ಮ ಬಗ್ಗೆ' ಪುಟದಲ್ಲಿ ನಾನೂ ನನ್ನ ಮಗನೂ ಮಾತ್ರ ಇದ್ದೇವೆ. ನಮ್ಮಿಬ್ಬರ ನಡುವೆ ನಿನ್ನ ಫೋಟೋ ಹಾಕು. ಯಾರಾದರೂ ಕೇಳಿದರೆ ಮಾವನ ಅಪ್ಪಣೆ ಎನ್ನು.

ಇಂತಿ,
ನಿನ್ನ ಮಾವ