ಅಕ್ಕ ಕೊಟ್ಟ ಮಾತ್ರೆ

ಪಾಲಾರಿವಟ್ಟಂ, ಕೊಚ್ಚಿ
9 ಜುಲೈ 2006

ಪ್ರೀತಿಯ ಪರಮೇಶ್ವರಿ ಅಕ್ಕನಿಗೆ ನಮಸ್ಕಾರಗಳು.

ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ಕಿಡ್ನಿ ಮತ್ತೆ ಸರಿಯಾಗಿ ಕೆಲಸ ಮಾಡುತ್ತಿದೆ. ಕಾಲಿನ ಬಾವು ಇಳಿದು ಹಳೆಯ ಚಪ್ಪಲಿ ಹಿಡಿಸುತ್ತಿದೆ.

ತಿರುವನಂತಪುರದ ನಿನ್ನ ಮನೆಯಲ್ಲಿ ನನ್ನ ಸೊಂಟನೋವಿಗೆ ನೀನು ಕೊಟ್ಟ ಮಾತ್ರೆಯೇ ಇಷ್ಟಕ್ಕೆಲ್ಲ ಕಾರಣವೆಂದು ಕೃಪಾ ಫೋನಿನಲ್ಲಿ ಹೇಳಿಬಿಟ್ಟಳಂತೆ. ಅಂದಿನಿಂದ ನೀನು ಫೋನ್ ಎತ್ತುತ್ತಿಲ್ಲ. ಹಾಗೆ ಹೇಳಿದ್ದಕ್ಕೆ ಹೆಂಡತಿ ಈಗ ನನಗಿಂತ ಹೆಚ್ಚು ಕೊರಗುತ್ತಿದ್ದಾಳೆ.

ಡಾಕ್ಟರಮ್ಮ ಹೇಳಿದ್ದು ಕೇಳು: “ನಿಮ್ಮಂತೆ ಲಿವರಿನ ಸಿರೋಸಿಸ್ ಇದ್ದವರು ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಅದು ನಿಮ್ಮ ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಬೇಗ ಬಂದಿರಿ, ಉಳಿದಿರಿ.”

ಬೇಗ ಬಂದದ್ದು ಯಾರಿಂದ? ಮೂತ್ರ ಕಡಿಮೆಯಾಗಿದೆ ಎಂದಾಗ “ಸುಮ್ಮನೆ ಕೂತರೆ ಆಗುದಿಲ್ಲ ಮಾರಾಯಾ, ಏಳು” ಎಂದು ರಜೆ ಹಾಕಿ ಕೊಚ್ಚಿಯವರೆಗೆ ಕರೆತಂದವಳು ನೀನು.

ಶನಿವಾರ ತಪ್ಪದೆ ಬಾ. ಮನೆಯಲ್ಲೀಗ ಎಲ್ಲರಿಗೂ ಉಪ್ಪಿಲ್ಲದ ಸಾರು. ಕೃಪಾಳ ಎದುರು ಅದನ್ನು ಬೈಯಲು ನನಗೆ ಧೈರ್ಯವಿಲ್ಲ. ನೀನು ಹಿರಿಯಳು, ಬೈಯಬಹುದು.

ದಾರಿ ಕಾಯುತ್ತಿರುವ ನಿನ್ನ ತಮ್ಮ,
ಗಣೇಶಪ್ರಸಾದ್